ತೊಟ್ಟಿ ತೊಳೆಯುವ ಜೀವಗಳು

ಹೊನ್ನಾಳಿ
18 ನವೆಂಬರ್ 2024

ಮಗಳು ಸುಮೇರಾಳಿಗೆ,

ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಅದಕ್ಕೆ ಬರೆಯುವುದಿಲ್ಲ. ಫೋನ್ ಮಾಡಿದ್ದೆ. ನಿನ್ನ ಅಣ್ಣ ಗೌಸ್‌ಪೀರ್ ಎತ್ತಿದ. "ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮುಗೀತಲ್ಲ ಚಾಚಾ, ಇನ್ನು ಆ ಮನೆ ಮಾತು ಯಾಕೆ? ಆಕೆ ಮರೀಲಿ ಬಿಡ್ರಿ," ಎಂದ. ನಿನ್ನ ಫೋನನ್ನೂ ಅವನೇ ಇಟ್ಟುಕೊಂಡಿದ್ದಾನಂತೆ. ಅದಕ್ಕೇ ನೀನು ಹೊಲಿಗೆ ಕಲಿಯಲು ಹೋಗುವ ಕೊಟ್ರಮ್ಮನವರ ವಿಳಾಸ ಹುಡುಕಿ ಅಲ್ಲಿಗೆ ಹಾಕುತ್ತಿದ್ದೇನೆ. ನನ್ನ ಮಗ ಹೋದ ಮಾತ್ರಕ್ಕೆ ನೀನು ನನ್ನ ಸೊಸೆಯಲ್ಲ ಎಂದು ಯಾವ ಗೌಸ್‌ಪೀರನೂ ಹೇಳಲಾರ.

ವಿಷಯ ಜಾವೀದನ ತೊಟ್ಟಿಯದು. ಮಲ್ಪೆಯಿಂದ ಮೀನಿನ ಲಾರಿ ಓಡಿಸುವವನು ಬರುವಾಗ ಡ್ರಮ್ಮಿನಲ್ಲಿ ಸಮುದ್ರದ ನೀರು, ಬಲೆಗೆ ಸಿಕ್ಕ ಜೀವಂತ ಮೀನು ತರುತ್ತಿದ್ದನಲ್ಲ, ನಾನು ಬೈಯುತ್ತಲೇ ಗಾಜು ಕೊಯ್ದು ತೊಟ್ಟಿ ಕಟ್ಟಿಕೊಟ್ಟಿದ್ದೆ. ಈಗ ಅವನಿಲ್ಲ. ಘಾಟಿಯಲ್ಲಿ ಲಾರಿ ಉರುಳಿದಾಗ ಅದರಲ್ಲಿದ್ದದ್ದೂ ಸಮುದ್ರದ ನೀರೇ. ಮನೆಯಲ್ಲಿ ಮೂರು ಮೀನು ಉಳಿದಿವೆ. ಮೈತುಂಬ ಮುಳ್ಳು ಬಿಟ್ಟುಕೊಂಡ ಸಿಂಹಮೀನು, ಬಾಯಿ ಮುಚ್ಚದ ಮುರುಮೀನು, ಮತ್ತೆ ಆ ಟ್ರಿಗರ್ ಎಂಬ ಪುಂಡ. ಹಾಕಿದ ಸಿಗಡಿಯನ್ನು ಅರ್ಧ ತಿಂದು ಅರ್ಧ ಚೆಲ್ಲುತ್ತವೆ. ಚೆಲ್ಲಿದ್ದು ಕಲ್ಲಿನ ಸಂದಿಯಲ್ಲಿ ಕೊಳೆಯುತ್ತದೆ. ಗಾಜಿಗೆ ಹಸಿರು ಕಪ್ಪು ಪಾಚಿ ಹತ್ತಿ ಮೀನೇ ಕಾಣದಂತಾಗಿದೆ. ನಿನ್ನ ಅಮ್ಮಿ ರಹಮತ್‌ಬೀ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಾಳೆ.

ಕಸ ತಿನ್ನುವ ಏಡಿ, ಬಸವನಹುಳು ಬಿಡುತ್ತಾರೆ ಎಂದು ಅವನು ಹೇಳುತ್ತಿದ್ದ. ನೀವಿಬ್ಬರೂ ಫೋನು ನೋಡಿಕೊಂಡು ಅದರ ಬಗ್ಗೆ ಜಗಳವಾಡುತ್ತಿದ್ದಿರಿ. ಈ ಮೂರು ದರೋಡೆಕೋರರ ನಡುವೆ ಯಾವುದು ಬದುಕುತ್ತದೆ, ಬರೆ. ಅವನ ಕೈ ಮುಟ್ಟಿದ ಜೀವ ಎಂದರೆ ಈಗ ಇವೇ. ಇವೂ ಹೋದರೆ ಅವನು ನನಗೆ ಎರಡನೇ ಸಲ ಸತ್ತ ಹಾಗೆ.

ನಿನ್ನ ಅಬ್ಬಾ,
ಖಲೀಲ್


ಜಗಳೂರು
27 ನವೆಂಬರ್ 2024

ಅಬ್ಬಾ,

ಕೊಟ್ರಮ್ಮ ಮೇಡಂ ನಿಮ್ಮ ಪತ್ರವನ್ನು ಬ್ಲೌಸ್ ಪೀಸಿನ ಒಳಗೆ ಮಡಚಿ ಕೊಟ್ಟರು. ಅಲ್ಲೇ ಮಿಷನ್ ಮುಂದೆ ಕೂತು ಓದಿದೆ. ನನಗೆ ಇಲ್ಲಿ ಯಾರೂ ಜಾವೀದ್ ಎಂಬ ಹೆಸರು ಎತ್ತುವುದಿಲ್ಲ. ನಿಮ್ಮ ಕೈಬರಹದಲ್ಲಿ ಆ ಹೆಸರು ನೋಡಿ ಅತ್ತೆ. ಮೇಡಂ ಬಾಗಿಲು ಮುಂದೆ ಮಾಡಿದರು.

ಸಿಗಡಿ ಬಿಡಬೇಡಿ, ಅದು ಸಿಂಹಮೀನಿಗೂ ಮುರುಮೀನಿಗೂ ತಿಂಡಿ. ಚಿಪ್ಪು ಹೊತ್ತು ತಿರುಗುವ ಸಣ್ಣ ಸನ್ಯಾಸಿ ಏಡಿಯೂ ಬೇಡ, ಟ್ರಿಗರ್ ಚಿಪ್ಪು ಒಡೆದು ತಿನ್ನುತ್ತದೆ. ಬಿಡುವುದಾದರೆ ದಪ್ಪ ಚಿಪ್ಪಿನ ದೊಡ್ಡ ಸಮುದ್ರದ ಬಸವನಹುಳು, ಮತ್ತೆ ಒಂದು ಹಾವುನಕ್ಷತ್ರ. ಅದಕ್ಕೆ ಹಾವಿನ ಬಾಲದಂಥ ಐದು ಕೈ, ಹಗಲು ಕಲ್ಲಿನಡಿ ಅಡಗಿರುತ್ತದೆ. ಸಮುದ್ರ ಸೌತೆ ಎಂದು ಸೌತೆಕಾಯಿಯಂಥ ಜೀವವೊಂದನ್ನು ಯಾರಾದರೂ ಕೊಟ್ಟರೆ ತರಬೇಡಿ. ಅದು ಸತ್ತರೆ ನೀರೆಲ್ಲ ವಿಷವಾಗುತ್ತದೆ.

ನೀರು ಆರಿದಷ್ಟೂ ಸಿಹಿನೀರನ್ನೇ ತುಂಬಿ. ಆರುವುದು ನೀರು, ಉಪ್ಪು ಆರುವುದಿಲ್ಲ.

ಅಮ್ಮಿಯ ಮಂಡಿನೋವು ಹೇಗಿದೆ?

ಸುಮೇರಾ


ಹೊನ್ನಾಳಿ
15 ಡಿಸೆಂಬರ್ 2024

ಸುಮೇರಾ,

ನೀನು ಬೇಡ ಎಂದದ್ದನ್ನೇ ತಂದೆ. ಬೈಯಬೇಡ. ಶಿವಮೊಗ್ಗದ ಅಂಗಡಿಯವನು ಬೆಂಗಳೂರಿನಿಂದ ತರಿಸಿಕೊಟ್ಟ. "ಏನೂ ಆಗಲ್ಲ ಸಾಬ್ರೇ, ಇವು ಬಾಳ ಚುರುಕು, ಓಡಿ ತಪ್ಪಿಸ್ಕೊಂತಾವೆ," ಎಂದು ಒಂದು ಹಿಡಿ ಸನ್ಯಾಸಿ ಏಡಿ, ಎರಡು ಕೆಂಪು ಸಿಗಡಿ ಕವರಿಗೆ ಹಾಕಿದ. ಸಿಗಡಿ ನೆಲ ಮುಟ್ಟಲೇ ಇಲ್ಲ. ನೀರಿಗೆ ಬಿಟ್ಟ ಕೂಡಲೇ ಮುರುಮೀನು ಬಾಯಿ ತೆರೆಯಿತು, ಮುಗಿಯಿತು. ಏಡಿಗಳು ಪಾಪ ಎರಡು ದಿನ ಕೆಲಸ ಮಾಡಿದವು. ಒಂದು ಮೂಲೆಯ ಗಾಜು ಅಂಗೈಯಗಲ ಸ್ವಚ್ಛವಾಯಿತು. ಆಮೇಲೆ ಟ್ರಿಗರ್ ಒಂದೊಂದನ್ನೇ ಎತ್ತಿ ಕಲ್ಲಿಗೆ ಬಡಿದು ತಿಂದಿತು. ನಾನು ನಮ್ಮ ಗಾಜಿನ ಅಂಗಡಿಯಲ್ಲಿ ಕನ್ನಡಿ ಕೊಯ್ಯುತ್ತಾ ಇದ್ದರೂ ಕಿವಿಯೊಳಗೆ ಟಕ್ ಟಕ್ ಎಂದು ಕೇಳುತ್ತಿತ್ತು.

ರಹಮತ್‌ಬೀ ಆ ಟ್ರಿಗರಿಗೆ ಶಾಪ ಹಾಕಿದಳು. ಆಮೇಲೆ ಜಾವೀದ್ ಅದಕ್ಕೆ ಕೈಯಾರೆ ತಿನ್ನಿಸುತ್ತಿದ್ದ ಎಂದು ನೆನಪಾಗಿ ಶಾಪ ವಾಪಸ್ಸು ತೆಗೆದುಕೊಂಡಳು. ನಾನು ನಕ್ಕೆ, ಅವಳು ಅತ್ತಳು. ನಮ್ಮ ಮನೆಯಲ್ಲಿ ಈಗ ಹೀಗೆಯೇ ನಡೆಯುತ್ತಿದೆ.

ಅಂಗೈಯಗಲದ ಆ ಜಾಗಕ್ಕೂ ಮತ್ತೆ ಪಾಚಿ ಬಂದಿದೆ. ಮುಂದೆ ಏನು ಮಾಡಲಿ?

ಖಲೀಲ್


ಜಗಳೂರು
28 ಡಿಸೆಂಬರ್ 2024

ಅಬ್ಬಾ,

ಅಂಗಡಿಯವನ ಮಾತು ಕೇಳುವುದಾದರೆ ನನ್ನನ್ನು ಯಾಕೆ ಕೇಳಿದಿರಿ? ದೊಡ್ಡ ಬಸವನಹುಳು, ಹಾವುನಕ್ಷತ್ರ, ಎರಡೇ. ತಿನ್ನಲು ಕೊಡುವಾಗ ಇಕ್ಕಳದಲ್ಲಿ ಹಿಡಿದು ಒಂದೊಂದೇ ತುಂಡು ಕೊಡಿ. ಚೆಲ್ಲಿದ್ದನ್ನು ಆ ಹೊತ್ತಿಗೇ ಎತ್ತಿ. ಮೀನಿನ ಕಸವನ್ನು ಮೊದಲು ಸಾಕಿದವರು ತೆಗೆಯಬೇಕು, ಉಳಿದದ್ದು ಹುಳುವಿನ ಕೆಲಸ.

ಅಣ್ಣ ನನಗೆ ಗಂಡು ನೋಡುತ್ತಿದ್ದಾನೆ. ಚನ್ನಗಿರಿಯವರಂತೆ. ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇದೆಯಂತೆ. ನನ್ನನ್ನು ಯಾರೂ ಏನೂ ಕೇಳಿಲ್ಲ.

ಸುಮೇರಾ


ಹೊನ್ನಾಳಿ
19 ಜನವರಿ 2025

ಸುಮೇರಾ,

ದೊಡ್ಡ ಹುಳುವನ್ನೇ ತಂದೆ, ನೀನು ಹೇಳಿದ ಜಾತಿಯೇ. ಒಳ್ಳೆ ನಿಂಬೆಹಣ್ಣಿನ ಗಾತ್ರ. ಗಾಜಿನ ಮೇಲೆ ಹತ್ತಿದರೆ ಹಿಂದೆ ಒಂದು ಪಟ್ಟಿ ಹೊಳೆಯುತ್ತಾ ಬರುತ್ತಿತ್ತು. ನಾನು ಇಷ್ಟು ವರ್ಷ ಗಾಜು ಒರೆಸಿದವನು, ಅಂಥ ಒರೆಸುವುದು ನನ್ನ ಕೈಲೂ ಆಗಿಲ್ಲ. ಒಂದು ವಾರ ನೆಮ್ಮದಿಯಾಗಿದ್ದೆ. ಟ್ರಿಗರ್ ಸುಮ್ಮನೆ ನೋಡುತ್ತಿತ್ತು. ಆಮೇಲೆ ಅದಕ್ಕೆ ಉಪಾಯ ತಿಳಿಯಿತು. ಹುಳುವನ್ನು ಗಾಜಿನಿಂದ ಕೆಡವಿ, ಮಗುಚಿ, ಮೆತ್ತಗಿರುವ ಕಡೆಯಿಂದ ಕಚ್ಚಿ ಎಳೆಯಿತು. ಬೆನ್ನು ಗಟ್ಟಿ ಇದ್ದರೆ ಸಾಲದು ಎಂದು ಈಗ ಗೊತ್ತಾಯಿತು. ಜೊತೆಗೆ ತಂದ ಹಾವುನಕ್ಷತ್ರ ಮಾತ್ರ ಇದೆ, ಎರಡು ಕೈ ಕಡಿಸಿಕೊಂಡು ಕಲ್ಲಿನಡಿ ಬಿದ್ದಿದೆ.

ಮಲ್ಪೆ ನೀರಿನ ಕೊನೆಯ ಡ್ರಮ್ ಮುಗಿಯಿತು. ಈಗ ಪುಡಿ ಉಪ್ಪು ಕಲಸುತ್ತಿದ್ದೇನೆ. ಅವನು ತಂದ ನೀರು ಇನ್ನು ಎಷ್ಟು ಉಳಿದಿರಬಹುದು ಎಂದು ತೊಟ್ಟಿ ನೋಡಿದಾಗಲೆಲ್ಲ ಅನಿಸುತ್ತದೆ.

ಬೇರೆ ಯಾವುದಾದರೂ ಜಾತಿ ಇದ್ದರೆ ಬರೆ.

ಖಲೀಲ್


ಜಗಳೂರು
2 ಫೆಬ್ರವರಿ 2025

ಅಬ್ಬಾ,

ಇವತ್ತು ಮೀನಿನ ಮಾತು ಬೇಡ. ಚನ್ನಗಿರಿಯವರು ಬಂದು ನೋಡಿಹೋದರು. ಬೆಳಗ್ಗೆ ಎಷ್ಟಕ್ಕೆ ಏಳುತ್ತಾಳೆ, ಹಾಸಿಗೆ ಹಿಡಿದ ಮುದುಕಿಯನ್ನು ಎತ್ತಿ ಕೂರಿಸಬಲ್ಲಳೇ, ಮೈಯಲ್ಲಿ ಏನಾದರೂ ಕಾಯಿಲೆ ಇದೆಯೇ ಎಂದು ಕೇಳಿದರು. ನನ್ನ ಹೆಸರು ಕೇಳಲಿಲ್ಲ. ಆ ಮನುಷ್ಯನ ಮೊದಲ ಹೆಂಡತಿ ಸತ್ತಳು. ಎರಡನೆಯವಳು ಮಕ್ಕಳನ್ನೂ ಬಿಟ್ಟು ಓಡಿಹೋದಳು. ಕೈ ಮಾಡುತ್ತಾನೆ ಎಂದು ಕೊಟ್ರಮ್ಮ ಮೇಡಂಗೆ ಅಲ್ಲಿಯ ಯಾರೋ ಹೇಳಿದ್ದಾರೆ. ಅಣ್ಣನಿಗೆ ಹೇಳಿದೆ. "ನಿನಗೆ ರಾಜಕುಮಾರ ಎಲ್ಲಿಂದ ತರಾಕೆ ಆಗ್ತೈತೆ? ವಿಧವೆ ಅಂತ ನೆನಪೈತಾ?" ಎಂದ.

ನೀವು ಒಂದು ಸಲ ಬನ್ನಿ. ಯಾವ ದಿನವಾದರೂ ಸರಿ. ಸುಮೇರಾ ನಮ್ಮ ಮಗಳು, ನಮ್ಮ ಮನೆಯಲ್ಲಿ ಇರುತ್ತಾಳೆ, ಹೊಲಿಗೆ ಹಾಕಿಕೊಂಡು ಬದುಕುತ್ತಾಳೆ ಎಂದು ಅಣ್ಣನ ಮುಂದೆ ಹೇಳಿ. ನೀವು ಹೇಳಿದರೆ ಅವನಿಗೆ ಇಲ್ಲ ಎನ್ನಲು ಆಗುವುದಿಲ್ಲ. ಅಬ್ಬಾ, ನಾನು ಯಾವತ್ತೂ ನಿಮ್ಮನ್ನು ಏನನ್ನೂ ಕೇಳಿದವಳಲ್ಲ. ಇದೊಂದನ್ನು ಕೇಳುತ್ತೇನೆ. ಬನ್ನಿ.

ಸುಮೇರಾ


ಹೊನ್ನಾಳಿ
16 ಫೆಬ್ರವರಿ 2025

ಸುಮೇರಾ,

ಈ ಸಲ ಗೆದ್ದೆ ಎಂದು ಬರೆಯಲು ಕೂತಿದ್ದೇನೆ. ಸಾಸ್ವೆಹಳ್ಳಿಯಲ್ಲಿ ಒಬ್ಬರ ಶೋಕೇಸಿಗೆ ಗಾಜು ಕೂರಿಸಲು ಹೋಗಿದ್ದೆ. ಕೈ ತೊಳೆಯಲು ಹೊಳೆಗೆ ಇಳಿದರೆ ಕಲ್ಲಿನ ಮೇಲೆ ಬಸವನಹುಳು. ಕರೀ ಚಿಪ್ಪು, ದಪ್ಪ, ನಾಣ್ಯದಂಥ ಗಟ್ಟಿ ಮುಚ್ಚಳ ಬೇರೆ. ಶಿವಮೊಗ್ಗದವನು ಬೆಂಗಳೂರಿನಿಂದ ತರಿಸುವುದು ಏನು ಮಹಾ, ನಮ್ಮ ತುಂಗಭದ್ರೆಯಲ್ಲೇ ರಾಶಿ ಬಿದ್ದಿವೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಚೌಡಮ್ಮ ಎಂಬ ಹೆಂಗಸು, "ಅದ್ಯಾಕ್ರೀ ಸಾಬ್ರೇ, ತಿನ್ನಾಕಾ?" ಎಂದಳು. "ಅಲ್ಲಮ್ಮ, ಗಾಜು ತೊಳೆಯಾಕೆ," ಎಂದೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡಳು. ಅರ್ಧ ಚೀಲ ತುಂಬಿಕೊಂಡು ಬಂದು ಎಲ್ಲವನ್ನೂ ತೊಟ್ಟಿಗೆ ಬಿಟ್ಟೆ.

ಏನು ಜಾಣ ಹುಳುಗಳು ಗೊತ್ತಾ? ನೀರಿಗೆ ಬಿದ್ದ ಕೂಡಲೇ ಮುಚ್ಚಳ ಹಾಕಿಕೊಂಡು ಕಲ್ಲಿನ ಸಂದಿಗೆ ಸೇರಿದವು. ಟ್ರಿಗರ್ ಕಚ್ಚಿ ಕಚ್ಚಿ ಬಿಟ್ಟಿತು. ಮೂರು ದಿನವಾಯಿತು, ಇನ್ನೂ ಒಂದೂ ಬಾಗಿಲು ತೆಗೆದಿಲ್ಲ. ಹೆದರಿವೆ. ಹೆದರಲಿ, ಹೆದರಿದವರೇ ಉಳಿಯುವುದು. ಧೈರ್ಯ ಬಂದ ಮೇಲೆ ಕೆಲಸ ಶುರು ಮಾಡುತ್ತವೆ. ಇಷ್ಟು ದಿನದ ಮೇಲೆ ಮೊದಲ ಸಲ ಜಾವೀದನ ಫೋಟೋ ಮುಂದೆ ನಿಂತು ಅವನ ಹತ್ತಿರ ಮಾತಾಡಿದೆ.

ಈ ವಾರ ಬಸ್ಸುಗಳೆಲ್ಲ ಸೇವಾಲಾಲ್ ಜಯಂತಿಗೆ ಸೂರಗೊಂಡನಕೊಪ್ಪಕ್ಕೆ ಹೋಗಿಬಿಟ್ಟಿದ್ದವು. ಎಲ್ಲಿಗೂ ಹೊರಡಲು ಆಗಲಿಲ್ಲ.

ಖಲೀಲ್


ಜಗಳೂರು
21 ಫೆಬ್ರವರಿ 2025

ಅಬ್ಬಾ,

ಈ ಪತ್ರ ಕೈಗೆ ಸಿಕ್ಕ ತಕ್ಷಣ ಆ ಹುಳುಗಳನ್ನೆಲ್ಲ ತೆಗೆಯಿರಿ. ಒಂದನ್ನೂ ಬಿಡಬೇಡಿ, ಕಲ್ಲು ಎತ್ತಿ ನೋಡಿ. ಹೊಳೆಯ ಹುಳು ಉಪ್ಪುನೀರಿನಲ್ಲಿ ಬದುಕುವುದಿಲ್ಲ. ಅವು ಹೆದರಿ ಬಾಗಿಲು ಹಾಕಿಕೊಂಡಿಲ್ಲ, ಒಳಗೇ ಸಾಯುತ್ತಿವೆ. ಅವು ಕೊಳೆತರೆ ಮೀನು ಒಂದೂ ಉಳಿಯುವುದಿಲ್ಲ. ಅರ್ಧಕ್ಕರ್ಧ ನೀರು ಬದಲಿಸಿ. ನಿಮ್ಮ ಅಂಗಡಿಯ ನಂಬರಿಗೆ ಮೇಡಂ ಫೋನಿನಿಂದ ಎರಡು ಸಲ ಮಾಡಿದೆ, ನೀವು ಎತ್ತಲಿಲ್ಲ.

ಸೂರಗೊಂಡನಕೊಪ್ಪ ನಿಮ್ಮಿಂದ ಆ ಕಡೆ, ನ್ಯಾಮತಿ ದಿಕ್ಕಿಗೆ. ಜಗಳೂರು ಈ ಕಡೆ. ನಾನು ನಿಮ್ಮ ಮನೆಯಲ್ಲಿ ಮೂರು ವರ್ಷ ಬಾಳಿದ್ದೇನೆ, ನನಗೆ ಬಸ್ಸಿನ ದಾರಿ ಗೊತ್ತು. ಹುಳುವಿನ ಬಗ್ಗೆ ಇಷ್ಟುದ್ದ ಬರೆದಿರಿ. ನಾನು ಕೇಳಿದ್ದಕ್ಕೆ ಒಂದು ಸಾಲು ಬರೆಯಲಿಲ್ಲ. ಬರುವುದಿಲ್ಲ ಎಂದಾದರೂ ಬರೆಯಬಹುದಿತ್ತು.

ಸುಮೇರಾ


ಹೊನ್ನಾಳಿ
5 ಮಾರ್ಚ್ 2025

ಸುಮೇರಾ,

ಹುಳು ತೆಗೆದೆ. ಎಲ್ಲ ಸರಿಯಾಗಿದೆ. ಮೀನು ಮೂರೂ ಆರಾಮ. ಟ್ರಿಗರ್ ಮಾಮೂಲಿನಂತೆ ಪುಂಡಾಟ ಮಾಡಿಕೊಂಡಿದೆ. ಸಿಂಹಮೀನು ಕೂಡ ಹಾಗೇ ಇದೆ. ರಂಜಾನಿನ ರೋಜಾ ಶುರುವಾಗಿದೆ, ನೀನಿಲ್ಲದ ಇಫ್ತಾರಿಗೆ ರುಚಿ ಇಲ್ಲ.

ಇನ್ನು ಯಾವುದನ್ನು ಬಿಡಲಿ, ಬರೆ. ಹಾವುನಕ್ಷತ್ರ ಇನ್ನೊಂದು ತರಲೇ? ಅಥವಾ ನಿನಗೆ ಗೊತ್ತಿರುವ ಬೇರೆ ಜಾತಿ? ಚಿಕ್ಕದಾಗಿ ಬರೆದರೂ ಸಾಕು. ಬರೆ.

ಖಲೀಲ್


ಹೊನ್ನಾಳಿ
20 ಮಾರ್ಚ್ 2025

ಸುಮೇರಾ,

ನಾನು ನಿನ್ನ ಅಮ್ಮಿ, ರಹಮತ್‌ಬೀ. ನಿನ್ನ ಮಾವ ಅಂಗಡಿಗೆ ಹೋಗ್ಯಾರೆ. ಮಾತಾಡಿದಂಗೇ ಬರೀತೀನಿ, ತಪ್ಪಿದ್ರೆ ನಗಬ್ಯಾಡ.

ಮೀನು ಇಲ್ಲಮ್ಮ. ನಿನ್ನ ಕಾಗದ ಬರೋ ಹೊತ್ತಿಗೆ ಮೂರೂ ತೇಲ್ತಿದ್ವು. ನೀರು ಹಾಲಿನಂಗೆ ಬೆಳ್ಳಗಾಗಿತ್ತು. ಜಾವೀದನ ಹಳೇ ಲುಂಗೀಲಿ ಸುತ್ಕೊಂಡು ಹೋಗಿ ಹೊಳೆ ದಂಡ್ಯಾಗೆ ಹುಗಿದು ಬಂದ್ರು. ಈಗ ಖಾಲಿ ನೀರಿಗೆ ಲೈಟ್ ಹಾಕಿ, ಮೋಟರ್ ಹಾಕಿ ಮುಂದೆ ಕುಂತಿರ್ತಾರೆ. ಯಾಕ್ರೀ ಹಿಂಗೆ ಅಂದ್ರೆ, "ಮೀನು ಅದಾವೆ ಅಂದ್ರೆ ಹುಡುಗಿ ಕಾಗದ ಬರೀತಾಳೆ, ಇಲ್ಲ ಅಂದ್ರೆ ಬರೆಯಾಕೆ ಏನೈತೆ?" ಅಂತಾರೆ.

ಇನ್ನೊಂದು. ನೀನು ಬಾ ಅಂದಾಗ ಅವ್ರು ಹೊಂಟಿದ್ರು. ಇಸ್ತ್ರಿ ಅಂಗಿ ಹಾಕ್ಕೊಂಡು ಬಾಗಿಲಾಗೆ ನಿಂತಿದ್ರು. ತಡದೋಳು ನಾನು. ನಿನಗೆ ಇನ್ನೂ ಇಪ್ಪತ್ನಾಲ್ಕು. ಒಬ್ಬನ್ನ ಮಣ್ಣಿಗಿಟ್ಟೀನಿ, ಇನ್ನೊಬ್ಬಳನ್ನ ಬದುಕಿದ್ದಂಗೇ ಈ ಮನ್ಯಾಗೆ ಹುಗಿಯಾಕೆ ನನ್ನ ಕೈಲಿ ಆಗಲ್ಲ. ನಾವು ಹೋದ ಮ್ಯಾಲೆ ನಿನಗೆ ಯಾರದಾರೆ? ಕೈ ಮಾಡ್ತಾನೆ ಅಂತ ಬರ್ದಿದ್ದಿ. ನನ್ನಪ್ಪನೂ ಮಾಡ್ತಿದ್ದ, ನಮ್ಮಮ್ಮ ಬಾಳಿದ್ಲು. ಬೈಯೋದಿದ್ರೆ ನನ್ನ ಬೈ. ಅವ್ರಿಗೆ ಮೀನಿನ ವಿಷ್ಯ ನಾನು ಹೇಳ್ದೆ ಅನ್ಬ್ಯಾಡ.

ರಹಮತ್‌ಬೀ


ಜಗಳೂರು
3 ಏಪ್ರಿಲ್ 2025

ಅಬ್ಬಾ,

ಈದ್ ಮುಗಿಯಿತು. ಮುಂದಿನ ಶುಕ್ರವಾರ ನಿಕಾಹ್. ಕೊಟ್ರಮ್ಮ ಮೇಡಂ ಅಣ್ಣನ ಹತ್ತಿರ ಒಂದು ಸಲ ಮಾತಾಡಿ ನೋಡಿದರು. ಅದಕ್ಕೆ ಅವನು ನನ್ನ ಹೊಲಿಗೆ ಬಿಡಿಸಿದ. ಮೇಡಂ ಬಟ್ಟೆಯ ಅಳತೆ ತೆಗೆಯುವ ನೆಪದಲ್ಲಿ ಮನೆಗೇ ಬಂದು ನಿಮ್ಮ ಪತ್ರ ಕೊಟ್ಟರು, ಇದನ್ನೂ ಒಯ್ಯುತ್ತಾರೆ. ಚನ್ನಗಿರಿಯ ಮನೆಗೆ ಪತ್ರ ಬರೆಯಬೇಡಿ. ಬಂದರೆ ನನಗೇ ತೊಂದರೆ.

ಯಾವುದನ್ನು ಬಿಡಲಿ ಎಂದು ಕೇಳಿದ್ದಿರಿ. ಈಗ ಎಲ್ಲವನ್ನೂ ಬಿಡಬಹುದು. ನೀರು ಪೂರ್ತಿ ಚೆಲ್ಲಿ, ಕಲ್ಲು ತೊಳೆದು, ಹೊಸ ಉಪ್ಪುನೀರು ತುಂಬಿ ಎರಡು ವಾರ ಸುಮ್ಮನೆ ಮೋಟರ್ ಹಾಕಿ. ಆಮೇಲೆ ಸಣ್ಣ ಬಸವನಹುಳು ಬಿಡಿ. ಸನ್ಯಾಸಿ ಏಡಿ ಬಿಡಿ. ನಾನು ಬೇಡವೆಂದಿದ್ದ ಕೆಂಪು ಸಿಗಡಿಯನ್ನೂ ಬಿಡಿ, ಅದು ತುಂಬ ಚೆಂದ. ಅವನ್ನು ತಿನ್ನುವವರು ಆ ತೊಟ್ಟಿಯಲ್ಲಿ ಈಗ ಯಾರೂ ಇಲ್ಲ. ನನಗೆ ಗೊತ್ತು ಅಬ್ಬಾ. ಅಮ್ಮಿಯನ್ನು ಬೈಯಬೇಡಿ.

ಅಮ್ಮಿಯ ಮೇಲೆ ನನಗೆ ಕೋಪವಿಲ್ಲ. ಅವರು ತಿಳಿದದ್ದನ್ನು ಮಾಡಿದರು. ನಿಮ್ಮ ಮೇಲೆ ಇದೆ. ಬಾಗಿಲ ತನಕ ಬಂದಿರಿ, ಆಚೆ ಕಾಲಿಡಲಿಲ್ಲ. ನನ್ನನ್ನು ಮಗಳು ಎಂದು ಕರೆದವರು ನೀವು.

ಸುಮೇರಾ


ಹೊನ್ನಾಳಿ
11 ಮೇ 2025

ಮಗಳೇ,

ಇದನ್ನು ಕೊಟ್ರಮ್ಮನವರ ವಿಳಾಸಕ್ಕೇ ಹಾಕುತ್ತಿದ್ದೇನೆ. ನೀನು ತವರಿಗೆ ಬಂದಾಗ ಕೊಡಲಿ.

ನೀನು ಹೇಳಿದ ಹಾಗೇ ಮಾಡಿದೆ. ಸಣ್ಣ ಹುಳು, ಏಡಿ, ಕೆಂಪು ಸಿಗಡಿ, ಎಲ್ಲ ಬಿಟ್ಟೆ. ಏನು ಕೆಲಸ ಮಾಡಿದವು ಅಂತೀ. ಉಳಿದಿದ್ದ ಪಾಚಿ, ಕಲ್ಲಿನ ಸಂದಿಯ ಕಸ, ಒಂದು ಚೂರೂ ಇಲ್ಲ. ಗಾಜು ಎಷ್ಟು ಸ್ವಚ್ಛವಾಯಿತೆಂದರೆ ಆ ಕಡೆಯ ಗೋಡೆಯ ಸುಣ್ಣ ಎದ್ದಿರುವುದು ಕಾಣುತ್ತದೆ. ರಹಮತ್‌ಬೀ ಮೂಗಿನ ಬಟ್ಟೆ ಬಿಚ್ಚಿದಳು.

ಆಮೇಲೆ ಸಿಗಡಿ ನಿಧಾನವಾಯಿತು. ಏಡಿಗಳು ಹುಳುಗಳನ್ನು ಚಿಪ್ಪಿನಿಂದ ಎಳೆದು ತಿನ್ನಲು ಶುರು ಮಾಡಿದವು. ಯಾಕೆ ಎಂದು ನನಗೆ ತಡವಾಗಿ ಹೊಳೆಯಿತು. ಕಸ ಹಾಕುವ ಮೀನೇ ಇಲ್ಲ. ತಿನ್ನಲು ಇದ್ದದ್ದನ್ನೆಲ್ಲ ತೊಳೆದು ಮುಗಿಸಿವೆ. ಹಸಿದಿವೆ. ಅನ್ನದ ಅಗುಳು ಹಾಕಿದೆ, ನೀರು ಕೆಟ್ಟಿತು, ತೆಗೆದೆ.

ನಿನ್ನನ್ನೇ ಕೇಳೋಣ ಎಂದು ಮೊನ್ನೆ ಚನ್ನಗಿರಿಗೆ ಬಂದಿದ್ದೆ. ನೀನು ಕರೆದಾಗ ಬರಲಿಲ್ಲ, ಯಾರೂ ಕರೆಯದಾಗ ಬಂದೆ. ಅವರ ಪ್ಲಾಸ್ಟಿಕ್ ಅಂಗಡಿ ಹುಡುಕಿ, ಅದರ ಹಿಂದಿನ ಮನೆಯ ಎದುರು ರಸ್ತೆಯ ಆಚೆ ನಿಂತಿದ್ದೆ. ನೀನು ಬಾಗಿಲಿಗೆ ನೀರು ಹಾಕಿ ಪೊರಕೆಯಲ್ಲಿ ಮೆಟ್ಟಿಲು ತಿಕ್ಕುತ್ತಿದ್ದೆ. ಅಂಥ ಸೆಕೆಯಲ್ಲೂ ದುಪಟ್ಟಾವನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡಿದ್ದೆ. ತಲೆ ಎತ್ತಿದೆ. ನನ್ನನ್ನು ನೋಡಿದೆ. ಒಳಗಿನಿಂದ ಗಂಡಸಿನ ದನಿ ಕೂಗಿತು. ನೀನು ಕೈಯಲ್ಲಿ ಹೋಗಿ ಎಂದು ಸನ್ನೆ ಮಾಡಿದೆ. ನಾನು ಹೋದೆ. ಅಲ್ಲೂ ದಾಟಲಿಲ್ಲ ಮಗಳೇ, ಒಂದು ರಸ್ತೆ ದಾಟಲಿಲ್ಲ. ಬಸ್ಸಿನಲ್ಲಿ ಪಕ್ಕದವರು ನೋಡುವ ಹಾಗೆ ಅತ್ತೆ.

ದಿನಕ್ಕೊಂದು ಸಾಯುತ್ತಿದೆ. ನೀನು ತವರಿಗೆ ಬಂದು ಇದನ್ನು ಓದುವ ಹೊತ್ತಿಗೆ ಒಂದೂ ಇರುವುದಿಲ್ಲ. ಆದರೂ ಅವಕ್ಕೆ ಏನು ಹಾಕಬೇಕಿತ್ತು ಎಂದು ಬರೆ.

ಖಲೀಲ್